ಶ್ರಾವಣಕ್ಕೊಮ್ಮೆ ಬಿಟ್ಟ ಕುಡಿತ

ಸಾವಿರದ ಒಂಬೈನೂರ ಅರವತ್ತೈದರ ಸುಮಾರಿಗೆ ನಾನು ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಒಂದು ಸಣ್ಣ ದವಾಖಾನೆಯಲ್ಲಿ ಆಯಾ ಆಗಿದ್ದೆ. ಹೊಲಸು ತೊಳೆಯುವುದು, ರೋಗಿಯನ್ನು ಹಿಡಿದುಕೊಳ್ಳುವುದು ನನ್ನ ಕೆಲಸ. ಹೆಣ ಕಂಡರೂ ನಾನು ಹೆದರುತ್ತಿರಲಿಲ್ಲ. ಕಲ್ಲಪ್ಪನನ್ನು ಕಂಡು ಹೆದರಿದೆ.

ಕಲ್ಲಪ್ಪ ಪಕ್ಕದ ಯಡ್ರಾವ ಹಳ್ಳಿಯ ನೇಕಾರ, ಪವರ್‌ಲೂಮಿನಲ್ಲಿ ದುಡಿಯುವವನು. ಸರಕಾರದ ದಾರೂಬಂದಿ, ಅಂದರೆ ಪಾನನಿಷೇಧ, ಇದ್ದರೂ ಕಳ್ಳಭಟ್ಟಿ ದಿನಾ ಸಿಗುತ್ತಿತ್ತು, ದಿನಾ ಕುಡಿಯುತ್ತಿದ್ದ. ಶ್ರಾವಣ ಬಂತೆಂದರೆ ಲಿಂಗ ಮುಟ್ಟಿ ಆಣೆ ಮಾಡಿ, ಒಂದೇ ಏಟಿಗೆ ಪೂರ್ತಿ ಬಿಡುವನು. ಗಣಪತಿ ಹೋದಮೇಲೆ ಮತ್ತೆ ಶುರು. ಮೊದಲ ಶ್ರಾವಣದಲ್ಲಿ ಬರೀ ಕೈ ನಡುಗಿತ್ತಂತೆ. ಮರುವರ್ಷ ಬೆವರು, ವಾಂತಿ. ಅದರ ಮುಂದಿನ ವರ್ಷ ಗೋಡೆಯ ಮೇಲೆ ಇಲ್ಲದ ಹುಳ ಕಂಡವು. ಆ ವರ್ಷ ಹೆಂಡತಿ ರತ್ನವ್ವ ಅವನನ್ನು ಟಾಂಗಾದಲ್ಲಿ ಹಾಕಿಕೊಂಡು ಬಂದಳು. ಆಕೆಗೆ ಗಾಬರಿಯೇ ಇರಲಿಲ್ಲ.

“ಪ್ರತಿ ವರ್ಷದ್ದ ಐತ್ರಿ ಅಕ್ಕಾ. ಬಿಟ್ಟ ಬಿಟ್ಟ ರೂಢಿ ಆಗೈತಿ ಅವಗ.”

ಮಂಚದ ಮೇಲೆ ಅವನ ಬೆರಳು ಚಾದರದಲ್ಲಿ ಏನೋ ಹುಡುಕುತ್ತಿದ್ದವು, ಗಂಟು ಹಾಕುತ್ತಿದ್ದವು.

“ಎಳಿ ಹರದಾವ! ಮಗ್ಗ ನಿಂದರಸ್ರಿ!”

ಚಾದರದಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ನೋಡುನೋಡುತ್ತ ಕಣ್ಣು ಮೇಲಾದವು, ಮೈ ಸೆಟೆಯಿತು, ಮಂಚ ಗಡಗಡ ಅಂದಿತು. ಫಿಟ್ಸ್. ಮಗ್ಗುಲಿಗೆ ಹೊರಳಿಸಿ ಹಿಡಿದೆ. ಡಾಕ್ಟರರು ಇಂಜೆಕ್ಷನ್ ಕೊಟ್ಟರು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಬಂತು.

ಅದು ಇಳಿದ ಮೇಲೆ ಡಾಕ್ಟರರು ರತ್ನವ್ವನಿಗೆ ಬಿಡಿಸಿ ಹೇಳಿದರು: “ಇದು ರೂಢಿ ಅಲ್ಲಬೇ. ದಾರೂ ಮೆದುಳನ್ನ ಒತ್ತಿ ಹಿಡದಿರತೈತಿ. ಒಮ್ಮಿಗ್ಲೇ ತಗದ್ರ ಅದು ಕೆರಳತೈತಿ. ಹಿಂಗ ಸಲ ಸಲಾ ಕೆರಳಿದ್ರ ಮುಂದಿನ ಸಲ ಇನ್ನೂ ಜೋರ. ಇನ್ನೊಮ್ಮೆ ಮನ್ಯಾಗ ಬಿಟ್ರ ಉಳಿಯೂದು ಕಠಿಣ.”

“ಹಂಗಾರ ಕುಡೀಲಿ ಅಂತೀರೇನ್ರಿ?”

“ಬಿಡಲಿ. ಇಲ್ಲಿ ಬಂದು ಬಿಡಲಿ. ಮತ್ತ ಹಿಡೀಬಾರದು.”

ಬದುಕಿದ. ಗಣಪತಿ ಹೋದಮೇಲೆ ಹಿಡಿದೇಬಿಟ್ಟ. ಪೇಟೆಯಲ್ಲಿ ಅವನ ಸೈಕಲ್ ಹಿಡಿದು ನಿಲ್ಲಿಸಿ ಬೈದೆ. ನಕ್ಕ.

“ಬಿಡೂದು ನನಗ ಕಲಸ್ತಿಯೇನಬೇ ಅಕ್ಕಾ? ನನ್ನಷ್ಟ ಸಲ ಯಾರ ಬಿಟ್ಟಾರ?”

ಆ ಮಾತಿಗೇ ನಾನು ಹೆದರಿದ್ದು.

ಮುಂದಿನ ಶ್ರಾವಣದ ಹಿಂದಿನ ದಿನ ರತ್ನವ್ವ ಹಾಸಿಗೆ ಸುತ್ತಿಕೊಂಡು ಅವನನ್ನು ಎಳೆದುಕೊಂಡೇ ಬಂದಳು. ಆಕೆಯ ಮುಖ ಬಿಳಿಚಿತ್ತು.

“ಆಣಿ ಮಾಡಸಿಲ್ರಿ ಅಕ್ಕಾ. ಕುಡದಾನ, ಹಂಗ ಕರಕೊಂಡ ಬಂದೀನಿ, ಇಲ್ಲೇ ಬಿಡಸ್ರಿ. ಬೈಬ್ಯಾಡ್ರಿ.”

ಬೈಯಲಿಲ್ಲ. ಬಹಳ ಸಲ ಬಿಟ್ಟವನಿಗೇ ಹೆಚ್ಚು ಹೆದರಬೇಕು ಎಂದು ಆ ಕೆಲಸ ನನಗೆ ಕಲಿಸಿತ್ತು. ಡಾಕ್ಟರರು ಔಷಧ ಶುರು ಮಾಡಿದರು. ನಾನು ಮಂಚದ ಪಕ್ಕ ಕೂತು, ಮತ್ತೆ ಎಳೆ ಹುಡುಕತೊಡಗುತ್ತವೇನೋ ಎಂದು ಚಾದರದ ಮೇಲಿನ ಅವನ ಬೆರಳುಗಳನ್ನೇ ನೋಡುತ್ತ ಇದ್ದೆ.