ಖಾರ ಕಡಿಮೆ ಹಾಕಿದ ದಿನ

ನಮ್ಮ ಅಡುಗೆಮನೆಯ ಮೊಸರಿನ ಗಡಿಗೆಯ ಮೇಲೆ ಬಹಳ ವರ್ಷ ಒಂದು ಕಂಚಿನ ಗಂಗಾಳ ಬೋರಲು ಬಿದ್ದಿರುತ್ತಿತ್ತು. ಉಣ್ಣುವುದಕ್ಕೆಂದೇ ಹುಟ್ಟಿದ ಆ ಅಗಲವಾದ, ಒಳ್ಳೆಯ ತೂಕದ ತಟ್ಟೆ ಮುಚ್ಚಳದ ಚಾಕರಿ ಮಾಡಿಕೊಂಡಿರುವುದು ನನ್ನ ಕಣ್ಣಿಗೆ ಸರಿಬರುತ್ತಿರಲಿಲ್ಲ. ರೋಣದ ಈ ಮಣ್ಣಿನ ಮಾಳಿಗೆಯ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಗಂಡನಿಗೆ ಬಡಿಸಲೆಂದು ಹಿಡಿದು ನಿಂತಿದ್ದೆ. ಅತ್ತೆ ನನ್ನ ಕೈಯಿಂದ ಇಸಿದುಕೊಂಡು ಮತ್ತೆ ಗಡಿಗೆಯ ಮೇಲೆ ಬೋರಲು ಹಾಕಿದರು. ಅದು ಮಾವನವರ ಗಂಗಾಳ ಎಂದಷ್ಟೇ ಆಮೇಲೆ ತಿಳಿಯಿತು. ಮಾವನವರನ್ನು ನಾನು ನೋಡಿದವಳಲ್ಲ. ನನ್ನ ಮದುವೆಗೆ ಮೊದಲೇ ಕುಡಿತ ಅವರನ್ನು ಕರೆದುಕೊಂಡು ಹೋಗಿತ್ತು.

ಹಾಗಾಗಿ ಈ ಮನೆಗೊಂದು ಕಟ್ಟಳೆಯಿತ್ತು. "ಈ ಹೊಸ್ತಲಾ ದಾಟಿ ಶೆರೆ ಒಳಗ ಬಂದ ದಿನಾ ನಾ ಹೊರಗ. ಸವಡಿಗೆ ಮಗಳ ಮನಿಗೆ ಹೋಗತೀನಿ, ಹೊಳ್ಳಿ ಬರಂಗಿಲ್ಲ" ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಸಿಟ್ಟಿನಿಂದ ಹೇಳಿದ್ದರೆ ಇಳಿದುಹೋಗುತ್ತದೆ ಎಂದು ನಂಬಬಹುದಿತ್ತು. ಅವರು ಹಾಲಿನ ದರ ಹೇಳುವ ದನಿಯಲ್ಲಿ ಹೇಳುತ್ತಿದ್ದರು. ಹೇಳಿದ್ದನ್ನು ಮಾಡುವ ಹೆಂಗಸು ಎಂಬುದರಲ್ಲಿ ನನಗಾಗಲಿ ನನ್ನ ಗಂಡನಿಗಾಗಲಿ ಕಿಂಚಿತ್ತೂ ಅನುಮಾನವಿರಲಿಲ್ಲ.

ಇಂಥ ಮನೆಯ ಸೊಸೆಗೆ ಹಳೆಯ ಕೆಂಪು ವೈನಿನ ರುಚಿ ಹತ್ತಿತು ಎಂದರೆ ನೀವು ನಗುತ್ತೀರಿ. ನಗಿರಿ, ನನ್ನದೇನೂ ಅಡ್ಡಿಯಿಲ್ಲ. ಬ್ಯಾಂಕಿನ ನೌಕರಿ ನಮ್ಮವರನ್ನು ಕೆಲವು ವರ್ಷ ನಾಸಿಕಕ್ಕೆ ಎಸೆದಿತ್ತು. ಅಲ್ಲಿ ನೆರೆಮನೆಯಲ್ಲಿ ಗೋವಾದ ಮುದಿ ದಂಪತಿಗಳಿದ್ದರು. ಭಾನುವಾರದ ಊಟಕ್ಕೆ ಅವರು ಕರೆದರೆ, ಮೀನು ಮುಟ್ಟದ ನಾವು ನಮ್ಮ ರೊಟ್ಟಿ ಪಲ್ಯ ಕಟ್ಟಿಕೊಂಡೇ ಹೋಗುತ್ತಿದ್ದೆವು. ವೈನು ಬಾಯಾರಿಕೆಗಲ್ಲ, ತುತ್ತಿಗೆ ಎಂದು ಕಲಿಸಿದವರು ಅವರು. ಒಂದು ತುತ್ತು ನುಂಗಿ, ಒಂದು ಗುಟುಕು ಬಾಯಲ್ಲಿ ತಿರುವಿ, ಮತ್ತೆ ತುತ್ತಿಗೆ ಮರಳಬೇಕು. ತಟ್ಟೆ ಬರಿದಾದಾಗ ಲೋಟವೂ ಬರಿದಾಗಬೇಕು, ಅಷ್ಟಕ್ಕೇ ಮುಗಿಯಬೇಕು. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ನಮಗೆ ರೋಣಕ್ಕೇ ವರ್ಗವಾಯಿತು. ಹೊರಡುವ ದಿನ ಆ ಅಜ್ಜ ಅರ್ಧ ಡಜನ್ ಸೀಸೆ ಕೈಗಿಟ್ಟು, ಇವಿನ್ನೂ ಎಳೆಯವು, ತಂಪಾದ ಕತ್ತಲೆಯಲ್ಲಿ ಮಲಗಿಸಿಡಿ, ಅವಸರ ಮಾಡಬೇಡಿ ಎಂದರು. ನನ್ನ ಹಳೆಯ ಗಜೇಂದ್ರಗಡದ ಸೀರೆಗಳಲ್ಲಿ ಸುತ್ತಿಸಿಕೊಂಡು ಅವು ಗದಗಿನಿಂದ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ, ಗುಣವಂತ ಮಕ್ಕಳಂತೆ ಬಂದವು.

ತಂಪಾದ ಕತ್ತಲೆ! ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರು ಈ ಮಾತಿಗೆ ಏನಂದಾರು? ಕೊನೆಗೆ ನಮ್ಮವರಿಗೆ ಹೊಳೆದದ್ದು ಹಿತ್ತಲಿನ ಹಗೇವು. ಜೋಳ ಸುರಿದಿಡಲು ಹಿರಿಯರು ನೆಲದೊಳಗೆ ತೋಡಿಸಿದ ಆ ಕಣಜದ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ದೊಡ್ಡದು. ಜೋಳ ಚೀಲಕ್ಕೆ ಬಂದಮೇಲೆ ಅದು ಬರಿದಾಗಿಯೇ ಇತ್ತು. ಆದರೂ ಅತ್ತೆ ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಎರೆಮಣ್ಣು ಮೆತ್ತಿ, ಅಮಾವಾಸ್ಯೆಗೊಮ್ಮೆ ಸಗಣಿಯಿಂದ ಸಾರಿಸುತ್ತಿದ್ದರು. ಒಂದು ಕಾಲಕ್ಕೆ ನಮ್ಮ ಹೊಟ್ಟೆಗೆ ಹಾಕಿದ್ದು ಅದು, ಮರೆತರೆ ಹ್ಯಾಗೆ ಎನ್ನುತ್ತಿದ್ದರು. ಅವರು ಸವಡಿಗೆ ಮಗಳನ್ನು ನೋಡಲು ಹೋದ ದಿನ ನಾವು ಕಲ್ಲು ಸರಿಸಿ, ಬುಟ್ಟಿಯಲ್ಲಿ ಹುಲ್ಲು ಹಾಸಿ ಸೀಸೆಗಳನ್ನು ಮಲಗಿಸಿ, ಬಾವಿಗೆ ಕೊಡ ಬಿಟ್ಟಂತೆ ಹಗ್ಗದಿಂದ ಇಳಿಬಿಟ್ಟೆವು. ಕಲ್ಲು ಮುಚ್ಚಿ ಮಣ್ಣನ್ನೂ ಮೆತ್ತಿದೆವು. ನಮ್ಮ ಕೈಚಳಕಕ್ಕೆ ನಾವೇ ಬೆರಗಾದೆವು.

ಆಮೇಲಿನ ವರ್ಷಗಳಲ್ಲಿ ಅತ್ತೆ ಚಳಿಗಾಲದಲ್ಲಿ ಸವಡಿಗೆ ಹೋದಾಗ ಒಂದೊಂದೇ ಸೀಸೆ ಮೇಲೆ ಬಂತು. ಉದ್ದ ಕಾಲಿನ ಗಾಜಿನ ಲೋಟಗಳು ನಮ್ಮಲ್ಲಿರಲಿಲ್ಲ. ಚಹಾದ ಗಾಜಿನ ಲೋಟಗಳಲ್ಲೇ ಬಗ್ಗಿಸಿದೆವು. ಮೊದಲ ವರ್ಷದ್ದು ಮಸಿ ಬೆರೆತ ನೇರಳೆ ಬಣ್ಣದ್ದು, ನೇರಳೆ ಹಣ್ಣಿನಂತೆಯೇ ನಾಲಗೆಯನ್ನು ಒಗರಿನಿಂದ ಹಿಡಿದು ಜಗ್ಗುವಂಥದ್ದು. ಮೂರನೆಯದರ ಹೊತ್ತಿಗೆ ಬಣ್ಣದ ಅಂಚು ಸುಟ್ಟ ಇಟ್ಟಿಗೆಯ ಕಡೆ ತಿರುಗಿತ್ತು, ಒಗರು ಇಳಿದಿತ್ತು. ಮೂಗಿಗೆ ಉತ್ತತ್ತಿ, ಒಣದ್ರಾಕ್ಷಿ, ಮತ್ತೆ ಎಷ್ಟೋ ಹೊತ್ತಿನ ಮೇಲೆ, ಮೊದಲ ಮಳೆ ಕುಡಿದ ಎರೆಹೊಲದ ವಾಸನೆ ಬಂದು ಹೋಗುತ್ತಿತ್ತು. ತಳದಲ್ಲಿ ಗಸಿ ಕೂರುವುದರಿಂದ ಸೀಸೆಯನ್ನು ಒಂದು ದಿನ ನಿಲ್ಲಿಸಿಟ್ಟು, ಹಾಲಿನ ಕೆನೆ ಬಿಟ್ಟು ಹಾಲಷ್ಟೇ ಬಗ್ಗಿಸುವ ನಾಜೂಕಿನಿಂದ ಬಗ್ಗಿಸಬೇಕು. ಜೊತೆಗೆ ಬಿಸಿ ಜೋಳದ ರೊಟ್ಟಿ, ಶೇಂಗಾ ಗುರೆಳ್ಳು ತುಂಬಿದ ಎಣ್ಣೆಗಾಯಿ, ಒಂದು ಮುದ್ದೆ ಬೆಣ್ಣೆ. ಒಂದು ಸಂಗತಿ ಮಾತ್ರ ಸೋತು ಕಲಿತೆವು: ನಮ್ಮ ಕೆಂಪು ಖಾರದ ಮುಂದೆ ಹಳೆಯ ವೈನಿನ ಆಟ ನಡೆಯುವುದಿಲ್ಲ. ವಯಸ್ಸಾದ ವೈನು ಮೆಲ್ಲಗೆ ಮಾತಾಡುತ್ತದೆ, ಖಾರ ಕೂಗಾಡುತ್ತದೆ. ಆದ್ದರಿಂದ ಆ ದಿನ ಎಣ್ಣೆಗಾಯಿಗೆ ಖಾರ ಕಡಿಮೆ.

ಅತ್ತೆ ತಿರುಗಿ ಬಂದು ಮಿಕ್ಕ ಪಲ್ಯಕ್ಕೆ ಬೆರಳಿಟ್ಟು ನೆಕ್ಕಿ ಕೇಳುತ್ತಿದ್ದರು: "ಖಾರಿಲ್ಲದ ಪಲ್ಯೆ ಯಾರಿಗೆ ಮಾಡಿದ್ದಿ? ಮೈಯಾಗ ಆರಾಮಿಲ್ಲೇನು?"

"ಪಿತ್ತ ಆಗಿತ್ರಿ" ಎನ್ನುತ್ತಿದ್ದೆ. ಅತ್ತೆ ಊರಿಗೆ ಹೋದಾಗಲೇ ಕೆರಳುವ ಇಂಥ ಶಿಸ್ತಿನ ಪಿತ್ತ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ತಿಳಿಸಿ. ಮರುದಿನ ಅವರು ಹಿತ್ತಲಿಗೆ ಹೋಗಿ ಹಗೇವಿನ ಬಾಯನ್ನು ಸಾರಿಸುತ್ತಿದ್ದರು. ದೀಪಾವಳಿಯ ಹಟ್ಟಿಹಬ್ಬಕ್ಕೆ ಸಗಣಿಯ ಪಾಂಡವರನ್ನು ಮಾಡಿದಾಗ ಒಂದನ್ನು ಆ ಕಲ್ಲಿನ ಮೇಲೂ ಕೂರಿಸಿ, ಚೆಂಡುಹೂ ಏರಿಸಿ ಕೈಮುಗಿಯುತ್ತಿದ್ದರು. ನಾನು ಮತ್ತು ನಮ್ಮವರು ಒಬ್ಬರ ಮುಖ ಒಬ್ಬರು ನೋಡದೆ ಅಲ್ಲಿಂದ ಕಾಲು ಕೀಳುತ್ತಿದ್ದೆವು.

ಕತ್ತಲೆಯಲ್ಲಿ ಸುಮ್ಮನೆ ಮಲಗಿರುವುದೊಂದೇ ಕೆಲಸವಾದ ವಸ್ತು ಯಾಕೆ ಮಾಗುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಮಾಗಲೇಬೇಕೆಂಬ ನೇಮವೂ ಇಲ್ಲ. ನಾಲ್ಕನೆಯ ಸೀಸೆ ತೆಗೆದರೆ ಬರೀ ಹುಳಿ. ಅದೇ ಬುಟ್ಟಿ, ಅದೇ ಹುಲ್ಲು, ಅದೇ ವರ್ಷಗಳು. ಬಚ್ಚಲಿಗೆ ಸುರಿಯುವಾಗ ನಮ್ಮವರ ಮುಖ ಸಣ್ಣದಾಗಿತ್ತು. ಕಾಲ ಎಲ್ಲವನ್ನೂ ಸರಿ ಮಾಡುತ್ತದೆ ಎನ್ನುವವರ ಮಾತನ್ನು ನಾನು ಅಂದಿನಿಂದ ಪೂರ್ತಿ ನಂಬುವುದಿಲ್ಲ. ಅತ್ತೆಯನ್ನು ಮಾಗಿದ ವೈನಿಗೆ ಹೋಲಿಸಿ ಎರಡು ಸಾಲು ಬರೆಯುವ ಆಸೆಯೂ ನನಗಿಲ್ಲದಿಲ್ಲ. ಆದರೆ ಅವರ ಖಾರ ಇಳಿದದ್ದನ್ನು ನಾನು ಕಂಡಿಲ್ಲ, ಸುಳ್ಳು ಬರೆಯಲಾರೆ.

ಐದನೆಯದು ಮುಗಿದಮೇಲೆ ಅತ್ತೆಯ ಮೊಣಕಾಲು ಕೈಕೊಟ್ಟವು, ಸವಡಿಯ ದಾರಿ ನಿಂತಿತು. ಕೊನೆಯ ಸೀಸೆ ಹಗೇವಿನಲ್ಲೇ ಉಳಿಯಿತು. ಅದರ ಆಸೆಗಾಗಿ ಅತ್ತೆಯನ್ನು ಕಳೆದುಕೊಳ್ಳುವಷ್ಟು ಹುಚ್ಚರು ನಾವಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡೆವು.

ನಮ್ಮವರು ನಿವೃತ್ತರಾದ ಮರುದಿನ. ನಾನು ಒಲೆಯ ಮುಂದೆ ಬದನೆಕಾಯಿ ಸೀಳುತ್ತಿದ್ದೆ, ಅತ್ತೆ ಗೋಡೆಗೆ ಒರಗಿ ಕೊತ್ತಂಬರಿ ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಇವತ್ತ ಬದನಿಕಾಯಿಗೆ ಖಾರ ಕಡಿಮಿ ಹಾಕು."

"ಯಾಕ್ರೀ ಅತ್ತ್ಯಾರ?"

"ಯಾಕಂದ್ರ? ಹಗೇವಿನ್ಯಾಗ ಇನ್ನೊಂದು ಐತೆಲ್ಲ, ಅದಕ್ಕ. ಮುಂಜಾನೆ ಕುಂತಕೊಂಡು ಬಾಯಿ ಮಣ್ಣು ಬಿಡಿಸಿಟ್ಟೀನಿ, ಅಂವಗ ಕಲ್ಲ ಎತ್ತಾಕ ಹೇಳು." ಆಮೇಲೆ ಸೇರಿಸಿದರು: "ನೀವು ಮೆತ್ತೂದು ಒಂದ್ ಮೆತ್ತೂದೇನು? ರಾಡಿ ಒರಸಿದ್ಹಾಂಗ. ಪ್ರತಿ ಸಲಾ ನಾನ ಹೊಳ್ಳಿ ಸಾರಿಸೀನಿ."

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ; ಇಳಿಯಲು ಹಗೇವೂ ಸಜ್ಜಾಗಿಯೇ ಇತ್ತು. ಹೇಗೋ ಧೈರ್ಯ ಮಾಡಿ ಕೇಳಿದೆ: "ಮತ್ತ ಸವಡಿಗೆ ಹೋಗಲಿಲ್ಲಲ್ರಿ ನೀವು?"

ಅವರು ಕೊತ್ತಂಬರಿಯ ಇನ್ನೊಂದು ಕಟ್ಟು ಬಿಚ್ಚಿಕೊಂಡರು.

"ಮದಲನೇ ಸಲಾ ಮುಂಜಾನಿ ಬಸ್ಸಿಗೆ ಲಗೂ ಬಂದಿದ್ನೆಲ್ಲ, ಬಚ್ಚಲದಾಗ ಲ್ವಾಟ ಬಿದ್ದಿದ್ದವು. ಆ ವಾಸನಿ ನನಗ ಹೇಳಿಕೊಡಬೇಕೇನು? ಚೀಲಾ ಕಟ್ಟಿದೆ, ಖರೇನ ಕಟ್ಟಿದೆ. ಆದ್ರ ಬಾಜೂಕ ನಿಮ್ಮ ತಾಟ ಇದ್ದವು. ಎರಡೂ ಬಳದು ಉಂಡಿದ್ರಿ. ನಿಮ್ಮ ಮಾವ ಕುಡದ ದಿನಾ ಉಣ್ತಿದ್ದಿಲ್ಲವ್ವ. ನಾ ಗಂಗಾಳದಾಗ ಬಡಿಸಿ, ಮ್ಯಾಲೊಂದು ಮುಚ್ಚಿ, ಬಾಗಲಾ ಕಾಯತಿದ್ದೆ. ರೊಟ್ಟಿ ಬಿರಸಾಗತಿತ್ತು. ಅಂವಾ ಉಣ್ಣಲಿಲ್ಲಂತ ನಾನೂ ಉಣ್ತಿದ್ದಿಲ್ಲ. ಇಲ್ಲಿ ಇಬ್ರೂ ಕೂಡಿ ಉಂಡಾರ, ಇದನ್ನ ಬಿಟ್ಟು ನಾ ಎಲ್ಲಿಗೆ ಹೋಗಲಿ ಅಂತ ಚೀಲಾ ಬಿಚ್ಚಿದೆ." ಕಡ್ಡಿಗಳನ್ನು ಒಟ್ಟುಮಾಡಿ ಎದ್ದರು. "ಹಂಗಂತ ಅದನ್ನ ನನ್ನ ಕಡೆ ತರಬ್ಯಾಡ್ರಿ. ನನಗ ಅದರ ವಾಸನಿ ಆಗಿಬರಂಗಿಲ್ಲ."

ನಾನು ಅತ್ತುಬಿಟ್ಟೆ. ಬದನೆಕಾಯಿ ಹೆಚ್ಚುವಾಗ ಕಣ್ಣೀರು ಬರುವುದಿಲ್ಲ ಎಂದು ಗೊತ್ತಿದ್ದರೂ ಅವರು ಏನೂ ಕೇಳಲಿಲ್ಲ.

ಕೊನೆಯ ಸೀಸೆಯ ರುಚಿ ಹೇಗಿತ್ತು ಎಂದು ನೀವು ಕೇಳಿಯೇ ಕೇಳುತ್ತೀರಿ. ಒಂದು ದಿನ ನಿಲ್ಲಿಸಿಡಲು ವ್ಯವಧಾನವಿಲ್ಲದ್ದರಿಂದ ಗಸಿ ಕದಡಿತ್ತು. ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಇತ್ತು. ಒಗರೆಲ್ಲ ಇಳಿದು ಬರೀ ಒಂದು ಮೃದುತ್ವ ಉಳಿದಿತ್ತು ಅಂತ ನೆನಪು. ಅದಕ್ಕಿಂತ ಹೆಚ್ಚು ಹೇಳಲಾರೆ, ಏಕೆಂದರೆ ನನ್ನ ಗಮನ ಅಲ್ಲಿರಲಿಲ್ಲ. ಎಲ್ಲರದೂ ಆದಮೇಲೆ ಒಲೆಯ ಹತ್ತಿರ ಒಬ್ಬರೇ ಕೂತು ಉಣ್ಣುವ ಅತ್ತೆ ಅಂದು ಆ ಗಂಗಾಳವನ್ನು ತೊಳೆದು, ಅಂಗಾತ ಮಾಡಿ, ನಮ್ಮ ತಾಟುಗಳ ಸಾಲಿನಲ್ಲಿ, ವೈನಿನಿಂದ ಒಂದು ಮಾರು ದೂರಕ್ಕೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಒಂದು ತಂಬಿಗೆ ಮಜ್ಜಿಗೆ. ಒಲೆಯಿಂದ ಇಳಿದ ರೊಟ್ಟಿಯನ್ನು ನಾನು ನೇರವಾಗಿ ಅದರಲ್ಲಿ ಹಾಕಿದೆ. ಅವರು ಮುರಿಯಲು ಹೋಗಿ, ಬೆರಳು ಸುಟ್ಟುಕೊಂಡು, ಉಫ್ ಎಂದು ಊದಿಕೊಂಡರು.

"ಈ ಗಂಗಾಳದಾಗ ಬಿಸಿ ರೊಟ್ಟಿ ಉಂಡಿದ್ದು ಇದ ಮದಲು" ಎಂದರು.

ಮರುದಿನ ಪೇಟೆಗೆ ಹೋಗಿ ಮೊಸರಿನ ಗಡಿಗೆಗೆ ಒಂದು ಸ್ಟೀಲಿನ ಮುಚ್ಚಳ ತಂದೆ.