ಹೆಸರಿಲ್ಲದ ಅರವತ್ತೆರಡು ಹಾಳೆಗಳು

೨೦೨೪ರಲ್ಲಿ ನಾನು ನಾಸಿಕದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಆಫೀಸ್ ಅಸಿಸ್ಟೆಂಟ್ ಆಗಿದ್ದೆ. ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ಆ ಕೆಲಸ ಕೊಡಿಸಿದವರು ವಿಭಾಗದ ಮುಖ್ಯಸ್ಥರಾದ ಪಾಟೀಲ ಸರ್, ನಮ್ಮ ಬಾಗಲಕೋಟೆ ಕಡೆಯವರು. ವರ್ಷಕ್ಕೊಮ್ಮೆ ಅವರ ಸಹಿಯಾದರೆ ಮಾತ್ರ ನನ್ನ ಕೆಲಸ ಮುಂದುವರಿಯುತ್ತಿತ್ತು. ಹಳ್ಳಿ ಶಾಲೆಯಲ್ಲಿ ಕಲಿತ ನನಗೆ ಇಂಗ್ಲಿಷ್ ನೋಡಿ ಟೈಪ್ ಮಾಡಲು ಬರುತ್ತಿತ್ತು. ಎದುರು ನಿಂತು ಮಾತನಾಡಲು ಬರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಸ್ಟೂಡೆಂಟ್ ಸ್ಯಾಟಿಸ್ಫ್ಯಾಕ್ಷನ್ ಸರ್ವೆ ನಡೆಯಿತು. ಪಾಠ ಹೇಗಿದೆ, ಲ್ಯಾಬ್ ಹೇಗಿದೆ ಎಂದು ವಿದ್ಯಾರ್ಥಿಗಳು ಹೆಸರು ಬರೆಯದೆ ತುಂಬಿಕೊಡುವ ಫಾರ್ಮು ಅದು. ಹಾಳೆ ಹಂಚುವಾಗ ಪೈಠಣದ ಗೌರಿ ಎಂಬ ಹುಡುಗಿ ಮರಾಠಿಯಲ್ಲಿ ಕೇಳಿದಳು: “ಮಾವಶಿ, ನಕ್ಕಿ ನಾ? ಖರೇನ ಹೆಸರು ಗೊತ್ತಾಗೂದಿಲ್ಲ?”

“ಇಲ್ಲವ್ವಾ, ಯಾರಿಗೂ ಗೊತ್ತಾಗೂದಿಲ್ಲ,” ಎಂದೆ.

ತರಗತಿಯ ಅರವತ್ತೆರಡು ಮಂದಿಯೂ ಕೊಟ್ಟರು. ಅರವತ್ತೊಂದು ಹಾಳೆಗಳಲ್ಲಿ ಎಲ್ಲವೂ ಚೆನ್ನಾಗಿದೆ ಎಂದಿತ್ತು. ಒಂದರಲ್ಲಿ ಮಾತ್ರ, ಬರಹದ ಗುರುತು ಸಿಗದಂತೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಲೋಹದ ಬಲ ಅಳೆಯುವ ಟೆಸ್ಟಿಂಗ್ ಮಷೀನ್ ವರ್ಷವಿಡೀ ಕೆಟ್ಟು ನಿಂತಿದೆ, ಹಿಂದಿನ ವರ್ಷದ ಅಂಕಿಗಳನ್ನೇ ನಮ್ಮಿಂದ ನಕಲು ಮಾಡಿಸಿದರು ಎಂದು ಬರೆದಿತ್ತು. ನಾನು ಎಲ್ಲ ಅಭಿಪ್ರಾಯಗಳನ್ನೂ ಟೈಪ್ ಮಾಡಿ ಛತ್ರಪತಿ ಸಂಭಾಜಿನಗರದ ನಮ್ಮ ಮುಖ್ಯ ಕಚೇರಿಗೆ ಕಳಿಸಿದೆ.

ನಾಲ್ಕನೆಯ ದಿನ, ಮೀಟಿಂಗಿಗೆಂದು ಆ ಕಚೇರಿಗೆ ಹೋಗಿದ್ದ ಪಾಟೀಲ ಸರ್ ಅಲ್ಲಿಂದಲೇ ಫೋನ್ ಮಾಡಿದರು. “ಅಕ್ಕಾರ, ಮೂಲ ಫಾರ್ಮಿನ ಕಟ್ಟು ತಗೊಂಡು ನಾಳೆ ಬರ್ರಿ. ದಾರ ಬಿಚ್ಚಬ್ಯಾಡ್ರಿ. ಹೆಂಗದ ಹಂಗs ಇರ್ಲಿ.”

ಮರುದಿನ ಎಸ್‌ಟಿ ಬಸ್ಸು ಯೇವಲಾ ದಾಟಿದ ಮೇಲೆ ಆ ಮಾತಿನ ಅರ್ಥ ಹೊಳೆಯಿತು. ಲ್ಯಾಬ್ ಜರ್ನಲ್‌ಗಳನ್ನು ರೋಲ್ ನಂಬರಿನ ಪ್ರಕಾರ ಕರೆದು ತೆಗೆದುಕೊಳ್ಳುವುದು ನನ್ನ ರೂಢಿ. ನನ್ನ ಅಚ್ಚುಕಟ್ಟನ್ನು ಸರ್ ಎಲ್ಲರ ಮುಂದೆ ಹೊಗಳುತ್ತಿದ್ದರು. ಅದೇ ರೂಢಿಯಲ್ಲಿ ಈ ಫಾರ್ಮುಗಳನ್ನೂ ತೆಗೆದುಕೊಂಡಿದ್ದೆ. ಮೇಲಿನಿಂದ ಎಣಿಸಿದರೆ ಸಾಕು, ಹೆಸರು ಸಿಗುತ್ತಿತ್ತು.

ಹಾಳೆಗಳ ಬದಿ ಎತ್ತಿ, ದೊಡ್ಡಕ್ಷರದ ಹಾಳೆ ಸಿಗುವವರೆಗೆ ಬೆರಳಿನಿಂದ ಎಣಿಸಿದೆ. ಇಪ್ಪತ್ತಮೂರನೆಯದು. ಗೌರಿ.

ಅವಳ ಪ್ರಾಕ್ಟಿಕಲ್ ಅಂಕ ಸರ್ ಕೈಯಲ್ಲಿತ್ತು. ನನ್ನ ಕೆಲಸವೂ ಅವರ ಕೈಯಲ್ಲಿತ್ತು. ವೈಜಾಪುರ ಬರುವವರೆಗೆ ಕಟ್ಟನ್ನು ಎದೆಗೆ ಒತ್ತಿಕೊಂಡು ಕೂತೆ. ಆಮೇಲೆ ದಾರ ಬಿಚ್ಚಿ, ತೊಡೆಯ ಮೇಲೆ ಹಾಳೆಗಳನ್ನು ಮೇಲೆಕೆಳಗೆ ಮಾಡತೊಡಗಿದೆ. ಪಕ್ಕದ ಹೆಂಗಸು ಮರಾಠಿಯಲ್ಲಿ, “ಬಾಯಿ, ಪರೀಕ್ಷೆ ಪೇಪರ್ ತಿದ್ದುತ್ತಿದ್ದೀರಾ? ನಮ್ಮ ಹುಡುಗನಿಗೂ ನಾಲ್ಕು ಮಾರ್ಕ್ ಹಾಕಿ,” ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಮತ್ತೆ ದಾರ ಕಟ್ಟಿ, ಸರ್ ಕೇಳಿದರೆ ಬಸ್ಸು ಕುಲುಕಿ ಕಟ್ಟು ಬಿತ್ತು ಎಂದು ಹೇಳಿದರಾಯಿತು ಎಂದು ಸುಳ್ಳೊಂದನ್ನು ಬಾಯಿಪಾಠ ಮಾಡಿದೆ.

ಸಂಭಾಜಿನಗರದ ಚಿಕಲಠಾಣಾ ಭಾಗದಲ್ಲಿದ್ದ ಮುಖ್ಯ ಕಚೇರಿಯಲ್ಲಿ ಸರ್ ಒಬ್ಬರೇ ಇದ್ದರು. ಮುಂದೆ ರೋಲ್ ನಂಬರಿನ ಪಟ್ಟಿ ತೆರೆದಿತ್ತು. ನನ್ನ ಸುಳ್ಳು ಹೊರಬರುವ ಮೊದಲೇ ಅವರು ಕಟ್ಟು ಬಿಚ್ಚಿ ಎಣಿಸಿದರು, ದೊಡ್ಡಕ್ಷರದ ಹಾಳೆ ಐವತ್ತೊಂದನೆಯದಾಗಿ ಸಿಕ್ಕಿತು. ಪಟ್ಟಿಯಲ್ಲಿ ಆ ನಂಬರಿನವನು ಶಿಕ್ಷಕರ ಮುಂದೆ ಬಾಯಿಯೇ ತೆರೆಯದ ಹುಡುಗ. ಒಬ್ಬಳನ್ನು ಉಳಿಸಲು ಹೋಗಿ ಇನ್ನೊಬ್ಬನನ್ನು ಸಿಕ್ಕಿಸಿದ್ದೆ! ಸರ್ ಆ ಹೆಸರಿಗೆ ಪೆನ್ನಿನಿಂದ ಗುರುತು ಹಾಕಲು ಹೊರಟರು.

“ಅವ ಅಲ್ಲರಿ,” ಎಂದೆ. “ಹಾಳಿ ಎಲ್ಲಾ ನಾನs ಅದಲ ಬದಲ ಮಾಡೀನ್ರಿ.”

“ಯಾಕ?”

“ಹೆಸರು ಗೊತ್ತಾಗೂದಿಲ್ಲ ಅಂತ ಹುಡುಗರಿಗೆ ಹೇಳಿದ್ನಿರಿ.”

“ಅಂದ್ರ ಬರದವರು ಯಾರು ಅಂತ ನಿಮಗ ಗೊತ್ತದ.”

“ಗೊತ್ತದರಿ. ಹೇಳೂದಿಲ್ಲರಿ.”

ಸರ್ ಪೆನ್ನು ಕೆಳಗಿಟ್ಟು ಪಟ್ಟಿ ಮುಚ್ಚಿ, “ಹೋಗ್ರಿ,” ಎಂದರು.

ಜೂನ್‌ವರೆಗೆ ದಿನವೂ ಹೆದರಿಕೊಂಡೇ ಕಚೇರಿಯ ಬಾಗಿಲು ತೆಗೆದೆ. ನನ್ನ ಕೆಲಸ ಮುಂದುವರಿಸುವ ಕಾಗದಕ್ಕೆ ಸರ್ ಸಹಿ ಹಾಕಿದರು. ಗೌರಿ ಪಾಸಾದಳು, ಮಷೀನೂ ರಿಪೇರಿಯಾಯಿತು. ಆದರೆ ಚಿಕಲಠಾಣಾದ ಆ ದಿನದಿಂದ ಸರ್ ನನ್ನೊಡನೆ ಕನ್ನಡ ಬಿಟ್ಟು ಹಿಂದಿಯಲ್ಲೇ ಮಾತನಾಡಿದರು.

ಮುಂದಿನ ವರ್ಷ ಸರ್ವೆಯ ದಿನ ಬಾಗಿಲ ಬಳಿ ಹಾಳೆ ಹಾಕಲು ಸೀಳು ಕತ್ತರಿಸಿದ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ನಾನು ದೂರ ಹೋಗಿ ಕೂತೆ. ಅಭಿಪ್ರಾಯ ಕೇಳುವವರು ಮೊದಲು ಹೇಳುವವರ ಅಂಜಿಕೆ ತೆಗೆಯಬೇಕೆಂದು ಆ ಬಸ್ಸಿನಲ್ಲಿ ಕಲಿತಿದ್ದೆ. ಆ ಸಲ ಹತ್ತೊಂಬತ್ತು ಹಾಳೆಗಳಲ್ಲಿ ದೂರುಗಳಿದ್ದವು. ಒಂದರಲ್ಲಿಯೂ ಗುರುತು ಮರೆಸುವ ದೊಡ್ಡಕ್ಷರ ಇರಲಿಲ್ಲ.