ಬೆನ್ನು ತುಳಿಯುವ ಹಕ್ಕು ಯಾರಿಗೆ

ಗೆಳೆಯರೇ, ಇವತ್ತು ಗಲಗಲಿಗೆ ಹೋಗಿ, ಸೊಂಟ ಹಿಡಿದವರ ಬೆನ್ನು ತುಳಿದು ಸರಿಮಾಡುವ ಯಲ್ಲವ್ವಜ್ಜಿಗೆ ನಮ್ಮ ಆರೋಗ್ಯ ಕಚೇರಿಯ ನೋಟಿಸು ಕೊಟ್ಟೆ. ಲೈಸೆನ್ಸ್ ಇಲ್ಲದವರು ಯಾರ ಬೆನ್ನುಮೂಳೆಯನ್ನೂ ಮುಟ್ಟಕೂಡದು ಎಂದು ಓದಿ ಹೇಳಿದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅಜ್ಜಿ ತಲೆದೂಗಿದಳು.

“ಖರೆ ಐತ್ರಿ ಸಾಹೇಬ್ರ. ಕಂಡಕಂಡಾವ್ರು ಮಾಡೂ ಕೆಲಸಲ್ಲ ಇದು. ಕಾಲ ಮುಂದಾಗಿ ಹುಟ್ಟಿದಾವ್ರ ತುಳೀಬೇಕು. ನಾ ಹಂಗ ಹುಟ್ಟೇನಿ. ನನ್ನ ಸೊಸಿ ತಲಿ ಮುಂದಾಗಿ ಹುಟ್ಟ್ಯಾಳ. ಇಪ್ಪತ್ತ ವರ್ಷಾತು, ಒಬ್ಬರ ಬೆನ್ನಿಗೂ ಆಕಿಗೆ ಕಾಲ ಹಚ್ಚಾಕ ಬಿಟ್ಟಿಲ್ಲ.”

ನಮ್ಮ ಕಾಯ್ದೆಗಿಂತ ಅವಳದೇ ಬಿಗಿ! ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ, ಚಹಾ ಕೊಟ್ಟು ಕೇಳಿದಳು: “ಇದನ್ನ ಬರದ ಡಾಕ್ಟರ್ ಹೆಂಗ ಹುಟ್ಟ್ಯಾರ್ರಿ? ಕಾಲ ಮುಂದಾಗಿದ್ರ ಹೇಳ್ರಿ, ನನ್ನ ಕಡೆ ಬರೂ ಮಂದೀನೆಲ್ಲ ಅವರ ಕಡೆ ಕಳಸ್ತೇನಿ.”

ಸಂಜೆ ಇದನ್ನು ನೋಟಿಸು ಬರೆದ ನಮ್ಮ ಡಾಕ್ಟರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ಅವರು ತಾಯಿಗೆ ಫೋನು ಹಚ್ಚಿದರು. ಇವರನ್ನು ಆಪರೇಷನ್ ಮಾಡಿ ಹೊರಗೆ ತೆಗೆದಿದ್ದರಂತೆ. ಫೋನಿಟ್ಟು ಅಂದರು: “ನಮ್ಮಂಥಾವ್ರಿಗೆ ಏನ ಕಾಯ್ದೆ ಐತಿ, ನಾಳಿ ಅಜ್ಜೀನ ಕೇಳ್ಕೊಂಡ ಬಾ.”